ಜಿರಾಫೆಯ ನಾಲಿಗೆಗೆ ಕೆಲಸ ಬೇಕು

ಮೃಗಾಲಯದ ಜಿರಾಫೆಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಮೊಮ್ಮಗಳ ಜೊತೆ ಮೃಗಾಲಯಕ್ಕೆ ಹೋಗಿದ್ದೆ. ಒಂದು ಜಿರಾಫೆ ಬಹಳ ಹೊತ್ತು ಕಬ್ಬಿಣದ ಕಂಬಿಯನ್ನೇ ನೆಕ್ಕುತ್ತಾ ನಿಂತಿತ್ತು. ‘ತಾತ, ಅದಕ್ಕೆ ಕಂಬಿ ಅಷ್ಟು ರುಚಿಯಾ?’ ಎಂದು ಮಗು ಕೇಳಿತು. ಮೈಯಲ್ಲಿ ಉಪ್ಪು ಕಡಿಮೆಯಾಗಿರಬೇಕು ಎಂದೆ. ಸರಿಯೇ?
– ನಿವೃತ್ತ ಶಿಕ್ಷಕ, ಮಂಡ್ಯ

ಕೊಟ್ಟಿಗೆಯ ದನ ಉಪ್ಪಿಗಾಗಿ ಗೋಡೆ ನೆಕ್ಕುವುದನ್ನು ಕಂಡವರಿಗೆ ಹಾಗೆ ಅನ್ನಿಸುವುದು ಸಹಜ. ಲವಣದ ಕೊರತೆ ಇದೆಯೇ ಎಂದು ನಾವೂ ಮೊದಲು ನೋಡುತ್ತೇವೆ. ಆದರೆ ಮೃಗಾಲಯದ ಜಿರಾಫೆಯಲ್ಲಿ ಕಾರಣ ಹೆಚ್ಚಾಗಿ ಬೇರೆಯೇ ಇರುತ್ತದೆ. ಆಫ್ರಿಕಾದ ಬಯಲಿನಲ್ಲಿ ಅದು ದಿನದ ಬಹುಪಾಲು ಮೇಯುತ್ತಲೇ ಇರುತ್ತದೆ. ಸುಮಾರು 45 ಸೆಂಟಿಮೀಟರ್ ಉದ್ದದ ಕಪ್ಪು ನಾಲಿಗೆಯನ್ನು ಜಾಲಿ ಜಾತಿಯ ಮರಗಳ ಮುಳ್ಳಿನ ನಡುವೆ ತೂರಿಸಿ, ಎಲೆಗೆ ಸುತ್ತಿ, ಎಳೆದು ತಿನ್ನಬೇಕು. ಮೃಗಾಲಯದಲ್ಲಿ ಮೇವು ಸಿದ್ಧವಾಗಿ ತೊಟ್ಟಿಗೆ ಬೀಳುತ್ತದೆ. ಹೊಟ್ಟೆ ಬೇಗ ತುಂಬುತ್ತದೆ, ನಾಲಿಗೆಯ ಕೆಲಸ ಮಾತ್ರ ಬಾಕಿ ಉಳಿಯುತ್ತದೆ. ಆ ಬಾಕಿಯನ್ನು ಅದು ಕಂಬಿಯ ಮೇಲೆ ತೀರಿಸಿಕೊಳ್ಳುತ್ತದೆ.

ಅಮೆರಿಕದ ಮೃಗಾಲಯಗಳ ಜಿರಾಫೆಗಳು ಮತ್ತು ಅವುಗಳ ಬಂಧುವಾದ ಒಕಾಪಿಗಳ ಬಗ್ಗೆ 2001ರಲ್ಲಿ ಒಂದು ಸಮೀಕ್ಷೆ ಪ್ರಕಟವಾಯಿತು. ಮಾಡಿದ್ದನ್ನೇ ಗುರಿಯಿಲ್ಲದೆ ಮಾಡುವ ಚಾಳಿ ನೂರಕ್ಕೆ ಸುಮಾರು 80 ಪ್ರಾಣಿಗಳಲ್ಲಿ ಕಂಡಿತ್ತು. ಕಂಬಿ, ಗೋಡೆಗಳನ್ನು ನೆಕ್ಕುವಂಥವು ಸುಮಾರು 72. ಅತ್ತಿಂದಿತ್ತ ಶತಪಥ ಹಾಕುವಂಥವು 29. ಎಲೆ ಸಮೇತ ಕೊಂಬೆಗಳನ್ನು ಎತ್ತರದಲ್ಲಿ ಕಟ್ಟುವುದು, ನಾಲಿಗೆ ತೂರಿಸಿ ಎಳೆದರಷ್ಟೇ ಮೇವು ಸಿಗುವಂಥ ಸಣ್ಣ ತೂತಿನ ಪೆಟ್ಟಿಗೆ ಇಡುವುದು ಇದಕ್ಕೆ ಮದ್ದು. ಹೀಗೆ ಮಾಡಿದ ಕಡೆ ನೆಕ್ಕುವುದು ತಗ್ಗಿದೆ. ಮೊಮ್ಮಗಳಿಗೆ ಹೇಳಿ: ಕಂಬಿಗೆ ರುಚಿಯಿಲ್ಲಮ್ಮ, ಜಿರಾಫೆಗೆ ಬೇಸರ.

ಬೇಲಿಯ ಹತ್ತಿರ ಬಂದು ಕತ್ತು ಚಾಚುತ್ತದೆ. ಪ್ರೀತಿಯಿಂದ ಒಂದು ಬಾಳೆಹಣ್ಣು, ಒಂದು ಬನ್ನು ಕೊಟ್ಟರೆ ಏನು ತಪ್ಪು?
– ಗೃಹಿಣಿ, ದಾವಣಗೆರೆ

ಮದುವೆ ಮನೆಯಲ್ಲಿ ಮಿಕ್ಕ ಅನ್ನ ತಿಂದ ಹಸು ಹೊಟ್ಟೆ ಉಬ್ಬರಿಸಿಕೊಂಡು ನೆಲ ಹಿಡಿದದ್ದನ್ನು ನೀವು ಕೇಳಿರಬಹುದು. ಜಿರಾಫೆಯೂ ಹಸುವಿನಂತೆ ಮೆಲುಕು ಹಾಕುವ ಪ್ರಾಣಿ, ಅದಕ್ಕೂ ನಾಲ್ಕು ಕೋಣೆಯ ಹೊಟ್ಟೆ. ಪಿಷ್ಟ, ಸಕ್ಕರೆ ಹೆಚ್ಚಾದರೆ ಮೊದಲ ಕೋಣೆಯಲ್ಲಿ ಆಮ್ಲ ಏರುತ್ತದೆ. ಮೇವು ಸೇರುವುದಿಲ್ಲ, ಮೈ ಇಳಿಯುತ್ತದೆ, ಕಾಲಾಂತರದಲ್ಲಿ ಗೊರಸಿಗೂ ತೊಂದರೆ. ಹಸುವಾದರೆ ಹಿಡಿದು ಕಟ್ಟಿ ಚಿಕಿತ್ಸೆ ಮಾಡಬಹುದು. ಇಷ್ಟುದ್ದ ಕತ್ತಿನ ಪ್ರಾಣಿಗೆ ಅರಿವಳಿಕೆ ಕೊಡುವುದೇ ಪ್ರಾಣಾಪಾಯ. ಬೀಳುವಾಗ, ಏಳುವಾಗ ಕತ್ತಿಗೆ ಪೆಟ್ಟಾಗಬಹುದು. ಹಾಗಾಗಿ ಒಳ್ಳೆಯ ಮೃಗಾಲಯಗಳಲ್ಲಿ ಪಾಲಕರು ಎಲೆಯ ಆಸೆ ತೋರಿಸಿ, ತಾನಾಗಿಯೇ ದಿಮ್ಮಿಯ ಮೇಲೆ ಕಾಲಿಡುವಂತೆ ಅದನ್ನು ಪಳಗಿಸಿ ಗೊರಸು ಕತ್ತರಿಸುತ್ತಾರೆ. ಪ್ರೀತಿಯಿದ್ದರೆ ಬನ್ನು ಚೀಲದಲ್ಲೇ ಇರಲಿ.

ಇಲ್ಲಿ ಚಳಿಗಾಲದಲ್ಲಿ ಜಿರಾಫೆಗಳನ್ನು ದಿನಗಟ್ಟಲೆ ಒಳಗೇ ಕೂಡಿಹಾಕುತ್ತಾರೆ. ನೋಡಿದರೆ ಸಂಕಟವಾಗುತ್ತದೆ.
– ಸಾಫ್ಟ್‌ವೇರ್ ಎಂಜಿನಿಯರ್, ಮ್ಯೂನಿಕ್

ಹೊರಗೆ ಬಿಟ್ಟರೆ ಇನ್ನೂ ಕಷ್ಟ. ಉದ್ದ ಕಾಲು, ಉದ್ದ ಕತ್ತಿನ ಮೈಯಿಂದ ಶಾಖ ಬೇಗ ಸೋರಿಹೋಗುತ್ತದೆ, ಕೊಬ್ಬಿನ ದಾಸ್ತಾನೂ ಕಡಿಮೆ. ಹಿಮಗಟ್ಟಿದ ನೆಲದಲ್ಲಿ ಕಾಲು ಜಾರಿ ಅಗಲವಾದರೆ ಮತ್ತೆ ಎದ್ದು ನಿಲ್ಲುವ ಭರವಸೆಯಿಲ್ಲ. ಕೇಳಬೇಕಾದ್ದು ಒಳಗೆ ಏನಿದೆ ಎಂದು: ಓಡಾಡಲು ಜಾಗ, ಜಾರದ ನೆಲ, ಎತ್ತರದಲ್ಲಿ ಮೇವು, ಜೊತೆಗೆ ತನ್ನವರು. ಹೆಣ್ಣು ಜಿರಾಫೆಗಳು ಕೆಲವೇ ಗೆಳತಿಯರನ್ನು ಹಚ್ಚಿಕೊಂಡು ಬಾಳುತ್ತವೆ. ಒಂದನ್ನು ಬೇರ್ಪಡಿಸಿದರೆ ಉಳಿದವು ಚಡಪಡಿಸುತ್ತವೆ. ಬರ್ಲಿನ್, ವಿಯೆನ್ನಾ, ಕೋಪನ್‌ಹೇಗನ್ ಮೃಗಾಲಯಗಳಲ್ಲಿ 900ಕ್ಕೂ ಹೆಚ್ಚು ಗಂಟೆ ಧ್ವನಿಮುದ್ರಣ ಮಾಡಿದ ಸಂಶೋಧಕರು, ಮೂಕಪ್ರಾಣಿಯೆಂದೇ ಹೆಸರಾದ ಜಿರಾಫೆ ರಾತ್ರಿ ಹೊತ್ತು ತಗ್ಗು ದನಿಯಲ್ಲಿ ಗುಂಯ್‌ಗುಡುವುದನ್ನು 2015ರಲ್ಲಿ ವರದಿ ಮಾಡಿದರು. ಬೀಗ ಹಾಕಿ ನಾವು ಮನೆಗೆ ಹೋದ ಮೇಲೂ ಅವುಗಳಿಗೆ ಬದುಕುಂಟು. ಸೌಕರ್ಯ ಒದಗಿಸಿಕೊಡಬೇಕಾದ್ದು ಆ ಹೊತ್ತಿಗೂ ಸೇರಿ.

ಡೆನ್ಮಾರ್ಕಿನಲ್ಲಿ ಆರೋಗ್ಯವಾಗಿದ್ದ ಮರಿಯನ್ನೇ ಕೊಂದರಂತೆ. ಅದು ಸರಿಯೇ?
– ವಕೀಲೆ, ಧಾರವಾಡ

2014ರ ಫೆಬ್ರುವರಿ 9ರಂದು ಕೋಪನ್‌ಹೇಗನ್ ಮೃಗಾಲಯದಲ್ಲಿ ಮಾರಿಯಸ್ ಎಂಬ ಒಂದೂವರೆ ವರ್ಷದ ಗಂಡನ್ನು ಕೊಂದು, ಜನರೆದುರೇ ಸೀಳಿ, ಸಿಂಹಗಳಿಗೆ ಹಾಕಿದರು. ಅದರ ವಂಶದ ಜಿರಾಫೆಗಳು ಯುರೋಪಿನ ಮೃಗಾಲಯಗಳಲ್ಲಿ ಆಗಲೇ ಸಾಕಷ್ಟಿದ್ದವು. ಇನ್ನೂ ಬೆಳೆಸಿದರೆ ಒಳಸಂತಾನದ ಅಪಾಯ ಎಂಬುದು ಅವರ ವಾದ. ಮರಿ ಹೆತ್ತು ಸಾಕುವುದು ತಾಯಿಯ ಸಹಜ ಬದುಕು, ಅದನ್ನು ತಪ್ಪಿಸಬಾರದು ಎಂದೂ ಹೇಳಿದರು. ವಂಶದ ಲೆಕ್ಕ ಸರಿ, ತೀರ್ಮಾನ ತಪ್ಪು ಎಂಬುದು ನನ್ನ ಅಭಿಪ್ರಾಯ. ಜಿರಾಫೆಯ ಗರ್ಭ ಸುಮಾರು 15 ತಿಂಗಳು. ಆ ಲೆಕ್ಕವನ್ನು ಗಂಡು ಹೆಣ್ಣು ಕೂಡಿಸುವ ಮೊದಲೇ ಹಾಕಬೇಕಿತ್ತು. ಬೇರೆ ಮೃಗಾಲಯಗಳು ಸಾಕಲು ಮುಂದೆ ಬಂದಾಗಲಾದರೂ ಒಪ್ಪಬಹುದಿತ್ತು. ನಮ್ಮಲ್ಲಿ ಹೆಚ್ಚಾದ ಪ್ರಾಣಿಗಳನ್ನು ಕೇಂದ್ರ ಮೃಗಾಲಯ ಪ್ರಾಧಿಕಾರದ ಒಪ್ಪಿಗೆ ಪಡೆದು ಬೇರೆ ಮೃಗಾಲಯಗಳ ಜೊತೆ ವಿನಿಮಯ ಮಾಡಿಕೊಳ್ಳುವ ಪದ್ಧತಿ ಇದೆ.

ಶಾಲೆಯಿಂದ ಮೈಸೂರು ಮೃಗಾಲಯಕ್ಕೆ ಪ್ರವಾಸ ಹೋಗುತ್ತೇವೆ. ಜಿರಾಫೆ ಚೆನ್ನಾಗಿದೆಯೋ ಇಲ್ಲವೋ ಎಂದು ನಾವೇ ಹೇಗೆ ತಿಳಿಯುವುದು?
– 9ನೇ ತರಗತಿ ವಿದ್ಯಾರ್ಥಿನಿ, ಹಾಸನ

ಸೆಲ್ಫಿ ತೆಗೆದು ಓಡಬೇಡ, ಹದಿನೈದು ನಿಮಿಷ ನಿಲ್ಲು. ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆದುಕೋ: ಮೇವು ಎಷ್ಟು ಎತ್ತರದಲ್ಲಿದೆ? ಎಷ್ಟು ಹೊತ್ತು ತಿಂದಿತು, ಎಷ್ಟು ಹೊತ್ತು ಮೆಲುಕು ಹಾಕಿತು, ಎಷ್ಟು ಹೊತ್ತು ಸುಮ್ಮನೆ ಕಂಬಿ ನೆಕ್ಕಿತು? ಒಂಟಿಯೋ, ಜೊತೆಯುಂಟೋ? ಗೊರಸು ಮುಂದಕ್ಕೆ ಬೆಳೆದು ಸೊಟ್ಟಗಾಗಿದೆಯೋ? ಮೆಲುಕು ಹಾಕುತ್ತಾ ನಿಂತಿದ್ದರೆ ಒಳ್ಳೆಯ ಲಕ್ಷಣ. ಅನುಮಾನ ಬಂದರೆ ಪಾಲಕರನ್ನು ಕೇಳು. ದಿನವೂ ನೋಡುವವರು ಅವರೇ. ಅಂದಹಾಗೆ ಮಂಗಳವಾರ ಹೋಗಬೇಡಿ, ಅಂದು ಅಲ್ಲಿ ರಜೆ.