ಟೈಮರ್ ಪ್ಲಗ್ ಹಾಕುವ ಮುನ್ನ ಒಂದು ಸಣ್ಣ ಲೆಕ್ಕ



ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ಟೈಮರ್ ಈಗ ಎಲ್ಲ ಎಲೆಕ್ಟ್ರಿಕ್ ಅಂಗಡಿಗಳಲ್ಲೂ ಸಿಗುತ್ತದೆ. ಹೇಳಿದ ಹೊತ್ತಿಗೆ ತಾನೇ ಆನ್, ತಾನೇ ಆಫ್. ಆಳುಗಳ ಕೊರತೆಯಲ್ಲಿ ಹೋಟೆಲ್ ನಡೆಸುವ ನಮಗೆ ಆಸೆಯಾಗುವುದು ಸಹಜ. ನಾವೂ ಒಂದು ತಂದೆವು. ಭಟ್ರು ಬೆಳಿಗ್ಗೆ 5 ಗಂಟೆಗೆ ಬರುವಾಗ ಚಹಾದ ನೀರು ಕಾದಿರಲಿ ಎಂದು 15 ಲೀಟರಿನ ಬಾಯ್ಲರಿಗೆ ಹಾಕಿ 4-30ಕ್ಕೆ ಸಮಯ ಇಟ್ಟೆವು.

ಹತ್ತು ಹನ್ನೆರಡು ದಿನ ಚೆನ್ನಾಗಿಯೇ ನಡೆಯಿತು. ಒಂದು ದಿನ ಬೆಳಗಿನ ಜಾವ ಅಟ್ಟದಲ್ಲಿ ಮಲಗಿದ್ದ ಹುಡುಗನೊಬ್ಬ ಸುಟ್ಟ ವಾಸನೆಗೆ ಎಚ್ಚೆತ್ತು ಓಡಿಬಂದು ಮೇನ್ ಆಫ್ ಮಾಡಿದ. ಟೈಮರ್ ಕರಗಿ ಸಾಕೆಟ್ಟಿಗೆ ಅಂಟಿಕೊಂಡಿತ್ತು. ಹಿಂದಿನ ಪ್ಲೈವುಡ್ ಕಪ್ಪಾಗಿತ್ತು. ಅಟ್ಟದಲ್ಲಿ ಆರು ಮಂದಿ ಮಲಗಿದ್ದರು. ಇಳಿಯುವ ಏಣಿ ಇದ್ದದ್ದು ಆ ಸಾಕೆಟ್ಟಿನ ಪಕ್ಕದಲ್ಲೇ.

ತಪ್ಪು ಎಲ್ಲಾಯಿತು? ವ್ಯಾಟ್ಸನ್ನು 230ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ನಮ್ಮ ಬಾಯ್ಲರ್ 3000 ವ್ಯಾಟ್ಸ್, ಅಂದರೆ 13 ಆಂಪಿಯರ್. ಟೈಮರಿನ ಮೇಲೆ ಬರೆದಿದ್ದದ್ದು 10 ಆಂಪಿಯರ್. ದಪ್ಪ ಪಿನ್ನು ಹೋಗುವುದಿಲ್ಲವೆಂದು ನಡುವೆ ಕನ್ವರ್ಷನ್ ಪ್ಲಗ್ ಬೇರೆ ಹಾಕಿದ್ದೆವು. "ಎಂಸಿಬಿ ಇದೆಯಲ್ಲ" ಎಂಬ ಧೈರ್ಯವಿತ್ತು. ಆದರೆ ಅದು 16 ಆಂಪಿಯರಿನದು. ಅದರ ಲೆಕ್ಕಕ್ಕೆ 13 ಹೆಚ್ಚಲ್ಲ, ಬೀಳಲಿಲ್ಲ. ಎಂಸಿಬಿ ಕಾಯುವುದು ಗೋಡೆಯೊಳಗಿನ ವೈರನ್ನು, ಟೈಮರನ್ನಲ್ಲ.

ಅಂದಿನಿಂದ ನಾವು ಪಾಲಿಸುತ್ತಿರುವ ಕ್ರಮಗಳು ಇವು:

1. ಟೈಮರಿನ ಆಂಪಿಯರ್ ಉಪಕರಣದ ಆಂಪಿಯರಿಗಿಂತ ಹೆಚ್ಚಿರಬೇಕು. ದಿನವೂ ಗಂಟೆಗಟ್ಟಲೆ ಉರಿಯುವುದಾದರೆ ಇನ್ನೂ ಸಾಕಷ್ಟು ಅಂತರವಿರಲಿ. ದೊಡ್ಡ ಲೋಡಿಗೆ ಪ್ಲಗ್ ಟೈಮರ್ ಬೇಡವೇ ಬೇಡ. ಲೈಸೆನ್ಸ್ ಇರುವ ವೈರ್‌ಮನ್ ಕೈಯಲ್ಲಿ ಬೋರ್ಡಿನಲ್ಲೇ ಟೈಮರ್ ಮತ್ತು ಕಾಂಟ್ಯಾಕ್ಟರ್ ಹಾಕಿಸಿ.

2. ಎಕ್ಸ್‌ಟೆನ್ಷನ್ ಬೋರ್ಡು, ಮಲ್ಟಿಪ್ಲಗ್ಗಿನ ಮೇಲೆ ಟೈಮರ್ ಸಿಕ್ಕಿಸಬೇಡಿ. ಸಡಿಲ ಸಾಕೆಟ್ಟು ಬಿಸಿಯಾಗುತ್ತದೆ. ಅರ್ತಿಂಗ್ ಪಿನ್ನು ತಪ್ಪದೆ ಕೂಡಬೇಕು.

3. ಗ್ರೈಂಡರಿಗೆ ಯಾವತ್ತೂ ಬೇಡ. ಹುಡುಗ ಕಲ್ಲು ತೊಳೆಯುತ್ತಿರುವಾಗ ತಾನಾಗಿ ತಿರುಗಿದರೆ ಕೈ ಹೋಗುತ್ತದೆ. ಮೋಟಾರು ಶುರುವಾಗುವ ಕ್ಷಣ ಹಲವು ಪಟ್ಟು ಕರೆಂಟು ಎಳೆಯುತ್ತದೆ ಎಂಬುದೂ ನೆನಪಿರಲಿ.

4. ಎಣ್ಣೆ ಕಾಯಿಸುವ ಫ್ರೈಯರ್, ಇಸ್ತ್ರಿಪೆಟ್ಟಿಗೆ, ಒಲೆ ಇವಕ್ಕೂ ಬೇಡ. ಎದುರಿಗೆ ಮನುಷ್ಯ ಇದ್ದಾಗ ಮಾತ್ರ ಉರಿಯಬೇಕಾದ ವಸ್ತುಗಳಿವು. ಫ್ರಿಜ್, ಡೀಪ್ ಫ್ರೀಜರಿಗೆ ಹಾಕಿದರೆ ಹಾಲು, ಹಿಟ್ಟು ಕೆಡುತ್ತದೆ.

5. ಮುಳ್ಳು ತಿರುಗುವ ಟೈಮರ್ ಕರೆಂಟು ಹೋದಾಗ ನಿಲ್ಲುತ್ತದೆ. ಎರಡು ಗಂಟೆ ಕರೆಂಟು ಹೋದರೆ 4-30ರದ್ದು 6-30ಕ್ಕೆ ಆನ್ ಆಗುತ್ತದೆ. ರಜೆಯ ದಿನವೂ ಅದಕ್ಕೆ ಗೊತ್ತಿಲ್ಲ. ಬಾಯ್ಲರಿನಲ್ಲಿ ನೀರಿಲ್ಲದಿದ್ದರೂ ಆನ್ ಆಗುತ್ತದೆ.

6. ಹೊಸದಾಗಿ ಹಾಕಿದ ದಿನ ಅರ್ಧ ಗಂಟೆಯ ಬಳಿಕ ಒಣ ಕೈಯಿಂದ ಟೈಮರಿನ ಮೈ ಮುಟ್ಟಿ ನೋಡಿ. ಕೈಯಿಡಲಾಗದಷ್ಟು ಬಿಸಿಯಿದ್ದರೆ, ಬಣ್ಣ ಕಂದಿದ್ದರೆ, ಮೇನ್ ಆಫ್ ಮಾಡಿ ತೆಗೆದುಬಿಡಿ.

ಹಾಗಾದರೆ ಯಾವುದಕ್ಕೆ ಹಾಕಬಹುದು? ನಾಮಫಲಕದ ಎಲ್‌ಇಡಿ ದೀಪ, ಸೊಳ್ಳೆ ಮೆಷಿನ್, ಎಮರ್ಜೆನ್ಸಿ ಲೈಟಿನ ಚಾರ್ಜಿಂಗ್. ಇವೆಲ್ಲ ಸಣ್ಣ ಲೋಡು. ನಾವು ಈಗಲೂ ನಾಮಫಲಕಕ್ಕೆ ಬಳಸುತ್ತೇವೆ. ಮನೆಯ ಗೀಸರಿಗೂ ಮೇಲಿನ ಲೆಕ್ಕವೇ ಅನ್ವಯ.

ಕೊನೆಗೊಂದು ಮಾತು. ನಮ್ಮ ಬಾಯ್ಲರ್ ತುಂಬಿದ ನೀರನ್ನು 25 ನಿಮಿಷದಲ್ಲಿ ಕಾಯಿಸುತ್ತದೆ. ಈಗ ಭಟ್ರೇ ಬಂದು, ನೀರು ನೋಡಿ, ಸ್ವಿಚ್ ಹಾಕುತ್ತಾರೆ. ಆ 25 ನಿಮಿಷ ಉಳಿಸಲು ಹೋಗಿ ನಾವು ಆರು ತಾಯಂದಿರ ಮಕ್ಕಳನ್ನು ಪಣಕ್ಕಿಟ್ಟಿದ್ದೆವು. ಊರಿನಿಂದ ನಮ್ಮನ್ನು ನಂಬಿ ಬಂದ ಹುಡುಗರು ಅವರು. ಇಂದು ರಾತ್ರಿ ಗಲ್ಲಾ ಮುಚ್ಚುವ ಮೊದಲು ನಿಮ್ಮ ಅಡುಗೆಮನೆಯ ಸಾಕೆಟ್ಟುಗಳನ್ನು ಒಮ್ಮೆ ನೋಡಿಬನ್ನಿ.