ಭತ್ತದ ತೆಂಡೆಯ ಮೇಲೊಂದು ಒಣ ಪೊರೆ

ಮಳೆ ಬಿಡುವು ಕೊಟ್ಟ ಸಂಜೆ ಗದ್ದೆ ಬಯಲಿನ ಮೇಲೆ ಏರೋಪ್ಲೇನ್ ಚಿಟ್ಟೆಗಳು ನೂರಾರು ಸಂಖ್ಯೆಯಲ್ಲಿ ಸುತ್ತುತ್ತಿದ್ದರೆ, ಪೈರಿಗೆ ಕಾವಲು ಸಿಕ್ಕಿತು ಎಂದು ಸಮಾಧಾನಪಡುವವರಿದ್ದಾರೆ. ಆ ಸಮಾಧಾನ ಅರ್ಧ ಮಾತ್ರ ಸರಿ. ಹಾಗೆ ಗುಂಪಾಗಿ ಹಾರುವ ಹಳದಿ ಮೈಯವು ಬಹುತೇಕ ಪಂಟಾಲಾ ಎಂಬ ಅಲೆಮಾರಿ ಜಾತಿಯವು. ಮಳೆಮಾರುತದ ಜಾಡು ಹಿಡಿದು ಬಂದು, ಹಿಂದೂ ಮಹಾಸಾಗರ ದಾಟಿ ಪೂರ್ವ ಆಫ್ರಿಕಾದವರೆಗೂ ಹೋಗುತ್ತವೆ ಎಂದು ಗುರುತಿಸಲಾಗಿರುವ ಜೀವಿಗಳು. ಅವು ಬಂದಿವೆ ಎಂದರೆ ಮಳೆ ಬಂದಿದೆ ಎಂದರ್ಥವೇ ಹೊರತು, ನಿಮ್ಮ ಗದ್ದೆ ಆರೋಗ್ಯವಾಗಿದೆ ಎಂದಲ್ಲ. ಗದ್ದೆಯ ಆರೋಗ್ಯ ತಿಳಿಯಬೇಕಾದರೆ ತಲೆ ಎತ್ತುವ ಬದಲು ಬಗ್ಗಬೇಕು. ನೀರಿನಿಂದ ಗೇಣುದ್ದ ಮೇಲೆ, ಮರಿ ಕಳಚಿಟ್ಟು ಹೋದ ಒಣ ಪೊರೆ ತೆಂಡೆಗೆ ಕಚ್ಚಿಕೊಂಡದ್ದು ಕಂಡರೆ ಆ ಚಿಟ್ಟೆ ಅಲ್ಲೇ ಹುಟ್ಟಿ ಬೆಳೆದದ್ದು. ಗದ್ದೆಯಲ್ಲಿ ಹುಟ್ಟುವ ಈ ಕಾವಲುಗಾರರನ್ನು ಉಳಿಸಿಕೊಳ್ಳಲು ಒಂದು ಪೈಸೆ ಖರ್ಚಿಲ್ಲ. ನಾಟಿಯಾದ ಮೊದಲ 40 ದಿನ, ಹುಳು ಕಾಣುವ ಮುಂಚೆಯೇ ಮುಂಜಾಗ್ರತೆಗೆಂದು ಹಾಕುವ ಕೀಟನಾಶಕವನ್ನು ಕೈಬಿಟ್ಟರೆ ಸಾಕು.

ಈ ಕೀಟಗಳಲ್ಲಿ ಎರಡು ಬಗೆ. ಕೂತಾಗ ರೆಕ್ಕೆಯನ್ನು ಅಗಲಕ್ಕೆ ಚಾಚಿಕೊಂಡೇ ಇರುವ ದಪ್ಪ ಮೈಯದು ಡ್ರ್ಯಾಗನ್‌ಫ್ಲೈ. ಸೂಜಿಯಂಥ ಸಣಕಲು ಮೈಯ, ಸಾಮಾನ್ಯವಾಗಿ ರೆಕ್ಕೆಯನ್ನು ಬೆನ್ನ ಮೇಲೆ ಮಡಚಿ ಕೂರುವ, ಎರಡು ಕಣ್ಣುಗಳು ದೂರ ದೂರ ಇರುವ ಪುಟ್ಟದ್ದು ಡ್ಯಾಮ್ಸೆಲ್‌ಫ್ಲೈ. ಬಾಲದಲ್ಲಿ ಕುಟುಕುತ್ತವೆ ಎಂಬ ಮಾತುಂಟು. ಎರಡಕ್ಕೂ ಕೊಂಡಿಯೇ ಇಲ್ಲ. ಭತ್ತ ಬೆಳೆಯುವವರು ಹೆಚ್ಚು ಗಮನಿಸಬೇಕಾದದ್ದು ಎರಡನೆಯದನ್ನು. ನಮ್ಮ ಗದ್ದೆಗಳಲ್ಲಿ ಸಾಮಾನ್ಯವಾದ ಅಗ್ರಿಯೋಕ್ನೆಮಿಸ್ ಎಂಬ ಕುಲದ ಡ್ಯಾಮ್ಸೆಲ್‌ಗಳು ಉದ್ದದಲ್ಲಿ ಎರಡು ಸೆಂಟಿಮೀಟರ್ ಆಸುಪಾಸು. ಬಯಲಿನ ಮೇಲೆ ಹಾರಾಡುವುದು ಬಿಟ್ಟು ತೆಂಡೆಗಳ ಸಂದಿಯಲ್ಲೇ ತೂರಾಡುತ್ತವೆ. ಕಂದು ಜಿಗಿಹುಳು ರಸ ಹೀರುತ್ತ ಕೂರುವುದೂ ಅದೇ ಸಂದಿಯಲ್ಲಿ, ನೀರಿಗೆ ಹತ್ತಿರದ ಬುಡದಲ್ಲಿ. ಪಂಪಿನಿಂದ ಸಿಂಪಡಿಸಿದ ಔಷಧಿ ಬಹಳಷ್ಟು ಸಲ ತಲುಪದ ಜಾಗ ಅದು. ಹಸಿರು ಜಿಗಿಹುಳು, ಎಲೆ ಸುತ್ತುವ ಹುಳುವಿನ ಪತಂಗ ಇವೂ ಈ ಬೇಟೆಗೆ ಸಿಗುತ್ತವೆ. ನೀರೊಳಗೆ ಇವುಗಳ ಮರಿಗಳು ಇನ್ನೂ ಹೊಟ್ಟೆಬಾಕ. ಮಡಚಿಟ್ಟ ಕೆಳದುಟಿಯನ್ನು ಕೊಕ್ಕೆಯಂತೆ ಚಾಚಿ ಸೊಳ್ಳೆಮರಿ ಹಿಡಿಯುತ್ತವೆ. ಮಿದುಳು ಜ್ವರ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಮುಖ್ಯವಾಗಿ ಭತ್ತದ ಗದ್ದೆಯ ನೀರಿನಲ್ಲೇ ಎಂಬುದನ್ನು ಮಂಡ್ಯ, ಕೋಲಾರದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮ್ಯಾನ್ಮಾರ್‌ನ ಯಾಂಗೂನ್ ನಗರದಲ್ಲಿ ಮನೆಯ ನೀರಿನ ತೊಟ್ಟಿಗಳಿಗೆ ಡ್ರ್ಯಾಗನ್‌ಫ್ಲೈ ಮರಿಗಳನ್ನು ಬಿಟ್ಟು ಡೆಂಗಿ ಸೊಳ್ಳೆಯನ್ನು ಕೆಲವೇ ವಾರಗಳಲ್ಲಿ ತಗ್ಗಿಸಿದ ಪ್ರಯೋಗ 1980ರ ದಶಕದ್ದು.

ಔಷಧಿ ಬಿಡಿ ಎಂದಾಕ್ಷಣ ಎದುರಾಗುವ ಪ್ರಶ್ನೆ: ಬೆಳೆ ಹೋದರೆ ಯಾರು ಹೊಣೆ? ನ್ಯಾಯವಾದ ಪ್ರಶ್ನೆ. ಉತ್ತರ ಜಿಗಿಹುಳುವಿನ ಬದುಕಿನಲ್ಲೇ ಇದೆ. ಅದು ಮೊಟ್ಟೆಯನ್ನು ತೆಂಡೆಯ ಎಲೆಕವಚದೊಳಗೆ ಸೇರಿಸಿಡುತ್ತದೆ. ಮೇಲೆ ಔಷಧಿ ಬಿದ್ದಾಗ ಓಡಾಡುವ ಜೇಡ, ಡ್ಯಾಮ್ಸೆಲ್, ಮಿರಿಡ್ ತಿಗಣೆ ಸಾಯುತ್ತವೆ. ಒಳಗಿನ ಮೊಟ್ಟೆ ಉಳಿಯುತ್ತದೆ. ಸುಮಾರು ಒಂದು ವಾರದಲ್ಲಿ ಅದು ಒಡೆದು ಮರಿ ಹೊರಬಂದಾಗ ತಿನ್ನುವವರೇ ಇರುವುದಿಲ್ಲ. ಔಷಧಿ ಹೊಡೆದ ಗದ್ದೆಯೇ ಮೊದಲು ಸುಟ್ಟಂತಾಗುವುದು ಇದೇ ಕಾರಣಕ್ಕೆ. ಇಂಡೊನೇಷ್ಯಾ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿಯಿತು. ಸರ್ಕಾರವೇ ಸಬ್ಸಿಡಿ ಕೊಟ್ಟು ಕೀಟನಾಶಕ ಹಂಚಿದ ಕಾಲದಲ್ಲಿ ಜಾವಾದ ಗದ್ದೆಗಳು ಮತ್ತೆ ಮತ್ತೆ ಜಿಗಿಹುಳುವಿಗೆ ತುತ್ತಾದವು. 1986ರಲ್ಲಿ ಅಲ್ಲಿನ ಅಧ್ಯಕ್ಷರು ಭತ್ತಕ್ಕೆ ಬಳಸುತ್ತಿದ್ದ 57 ಕೀಟನಾಶಕಗಳನ್ನು ಒಂದೇ ಆದೇಶದಲ್ಲಿ ನಿಷೇಧಿಸಿದರು. ಸಬ್ಸಿಡಿಯೂ ಕೆಲವೇ ವರ್ಷಗಳಲ್ಲಿ ನಿಂತಿತು. ಅಕ್ಕಿಯ ಉತ್ಪಾದನೆ ಕುಸಿಯಲಿಲ್ಲ. ಜಪಾನಿನ ಕಥೆ ಇನ್ನೂ ನೇರ. ಅಲ್ಲಿನ ಗದ್ದೆಗಳಲ್ಲೇ ಹುಟ್ಟುತ್ತಿದ್ದ ಕೆಂಪು ಡ್ರ್ಯಾಗನ್‌ಫ್ಲೈ 1990ರ ದಶಕದ ಕೊನೆಯಿಂದ ಹಲವು ಕಡೆ ಏಕಾಏಕಿ ವಿರಳವಾಯಿತು. ಸಸಿ ತಟ್ಟೆಗೇ ಹಾಕುವ ಫಿಪ್ರೋನಿಲ್, ಇಮಿಡಾಕ್ಲೋಪ್ರಿಡ್ ಬಳಕೆಗೆ ಬಂದದ್ದು ಅದೇ ಕಾಲಕ್ಕೆ. ಪ್ರಯೋಗಕ್ಕೆಂದು ಮಾಡಿದ ಪುಟ್ಟ ಮಡಿಗಳಲ್ಲಿ ನೋಡಿದಾಗ, ಫಿಪ್ರೋನಿಲ್ ಬಿದ್ದಲ್ಲಿ ಚಿಟ್ಟೆ ನೀರಿನಿಂದ ಮೇಲೇಳುವುದು ಬಹುತೇಕ ನಿಂತೇ ಹೋಗಿತ್ತು. ಅಲ್ಲಿನ ಚಳಿ ಬೇರೆ, ತಳಿ ಬೇರೆ, ಒಪ್ಪೋಣ. ಆದರೆ ಈ ಎರಡೂ ಔಷಧಿಗಳು ನಮ್ಮ ಅಂಗಡಿಗಳಲ್ಲೂ ಇವೆ. ಕಾಂಡ ಕೊರಕಕ್ಕೆಂದು ಹರಳಾಗಿಯೋ ಜಿಗಿಹುಳುವಿಗೆಂದು ದ್ರವವಾಗಿಯೋ ನಮ್ಮ ಮಡಿಗಳಿಗೂ ಬೀಳುತ್ತಿವೆ.

ಇನ್ನೊಂದು ಆಕ್ಷೇಪ ಕೀಟತಜ್ಞರದು, ಅದಕ್ಕೆ ತೂಕವೂ ಹೆಚ್ಚು. ಈ ಚಿಟ್ಟೆಗಳಿಗೆ ಬೆಳೆಯ ಶತ್ರು, ಮಿತ್ರ ಎಂಬ ಭೇದವಿಲ್ಲ, ದೊಡ್ಡವು ಜೇನುನೊಣವನ್ನೂ ಹಿಡಿಯುತ್ತವೆ. ಕಾಂಡ ಕೊರಕದ ಪತಂಗ ಹಾರುವುದು ರಾತ್ರಿ, ಇವು ಬೇಟೆಯಾಡುವುದು ಹಗಲು. ಜಿಗಿಹುಳು ಸಾವಿರಗಟ್ಟಲೆ ಏಳುವಾಗ ಅದನ್ನು ತಡೆಯುವ ಶಕ್ತಿ ಜೇಡ ಮತ್ತು ಮಿರಿಡ್ ತಿಗಣೆಗೇ ಹೆಚ್ಚು. ಇದಿಷ್ಟೂ ನಿಜ. ಏರೋಪ್ಲೇನ್ ಚಿಟ್ಟೆಯೊಂದೇ ಬೆಳೆ ಉಳಿಸುತ್ತದೆ ಎನ್ನುವವರು ಉತ್ಪ್ರೇಕ್ಷೆ ಮಾಡುತ್ತಿದ್ದಾರೆ. ಆದರೆ ಜೇಡ, ತಿಗಣೆಗಳ ಕೊರತೆ ರೈತರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಡ್ಯಾಮ್ಸೆಲ್‌ನ ಕೊರತೆ ಬೀಳುತ್ತದೆ. ಅದರ ಮರಿ ವಾರಗಟ್ಟಲೆ ನಿಮ್ಮ ಮಡಿಯ ನೀರಿನಲ್ಲೇ ಉಸಿರಾಡಬೇಕು. ಆ ನೀರಿಗೆ ವಿಷ ಸೇರಿದ್ದರೆ ಪೊರೆ ಕಾಣುವುದಿಲ್ಲ, ಅಂಥ ಕಡೆ ಉಳಿದ ಮಿತ್ರಕೀಟಗಳ ಗತಿಯೂ ಹೆಚ್ಚುಕಡಿಮೆ ಅದೇ. ಒಂದು ಪೊರೆ ಇಷ್ಟನ್ನು ಹೇಳುತ್ತದೆ ಎಂಬುದೇ ಅದರ ಬೆಲೆ.

ನೀರಿನ ವಿಷಯದಲ್ಲಿ ಮಾತ್ರ ನಿಜವಾದ ಇಕ್ಕಟ್ಟಿದೆ. ಜಿಗಿಹುಳು ಹೆಚ್ಚಿದಾಗ ನೀರು ಬಸಿಯಿರಿ ಎಂಬುದು ಸರಿಯಾದ ಸಲಹೆ. ನೀರು ಉಳಿಸಲು ಒಮ್ಮೆ ಕಟ್ಟಿ ಒಮ್ಮೆ ಒಣಗಿಸುವ ಪದ್ಧತಿಯೂ ಒಳ್ಳೆಯದೇ. ಎರಡರಲ್ಲೂ ಚಿಟ್ಟೆಯ ಮರಿ ಕೆಸರಿನಲ್ಲಿ ಒಣಗುತ್ತದೆ. ಇದಕ್ಕಾಗಿ ಬಸಿಯುವುದನ್ನು ಬಿಡಬೇಕಿಲ್ಲ. ಮಡಿಯ ತಗ್ಗಿನ ಮೂಲೆಯಲ್ಲಿ ಮೊಣಕಾಲುದ್ದದ ಒಂದು ಗುಂಡಿ ತೆಗೆದಿಟ್ಟರೆ, ನೀರು ಇಳಿದಾಗ ಮರಿಗಳು ಅಲ್ಲಿ ಸೇರಿ ಬದುಕಬಲ್ಲವು. ಬದುವಿನ ಹುಲ್ಲನ್ನು ಒಂದೇ ದಿನ ಪೂರ್ತಿ ಸವರದೆ ಒಂದು ಪಕ್ಕವನ್ನು ಬಿಡಿ, ರಾತ್ರಿ ಅವು ತಂಗುವುದು ಅಲ್ಲೇ. ಹಕ್ಕಿ ಕೂರಲೆಂದು ನೆಟ್ಟ ಕಡ್ಡಿ ಡ್ರ್ಯಾಗನ್‌ಫ್ಲೈಗೂ ಆಗುತ್ತದೆ. ಮಲೆನಾಡಿನವರಿಗೆ ಒಂದು ಮಾತು: ಹಳ್ಳದ ನೆರಳಿನಲ್ಲಿರುವ ಹಲವು ಜಾತಿಗಳಿಗೆ ಹರಿಯುವ ತಣ್ಣನೆಯ ನೀರೇ ಬೇಕು, ಅವು ಗದ್ದೆಗೆ ಬಂದು ಬದುಕುವುದಿಲ್ಲ. ತೋಟದ ಬಸಿಗಾಲುವೆ ಹಳ್ಳ ಸೇರುವಲ್ಲಿ ಪಂಪು, ಡ್ರಮ್ಮು ತೊಳೆಯುವುದನ್ನು ನಿಲ್ಲಿಸಿದರೆ ಅವೂ ಉಳಿದಾವು.

ತುಂಗಭದ್ರಾ ಅಚ್ಚುಕಟ್ಟಿನಂಥ ಕಡೆ ಜಿಗಿಹುಳುವಿನ ಕಾಟ ಹೆಚ್ಚು, ಅಲ್ಲಿ ಔಷಧಿಯೇ ಬೇಡ ಎನ್ನುವುದು ಹುಂಬತನ. ಆದರೆ ಬುಡಕ್ಕೆ 5ರಿಂದ 10 ಹುಳು ದಾಟಿದ ಮೇಲೆ ಹೊಡೆಯಿರಿ, ಪೈರಿಥ್ರಾಯ್ಡ್ ಬೇಡ, ಮಿತ್ರಕೀಟಗಳಿಗೆ ಹಾನಿ ಕಡಿಮೆಯಿರುವ ಬುಪ್ರೊಫೆಜಿನ್‌ನಂಥದ್ದನ್ನು ಕೇಳಿ ಪಡೆಯಿರಿ. ನಾಟಿಯಾಗಿ ಒಂದು ತಿಂಗಳು ಕಳೆದ ಮೇಲೆ ಬೆಳಗಿನ ಹೊತ್ತು ಗದ್ದೆಗಿಳಿದು, ಬೇರೆ ಬೇರೆ ಕಡೆಯ 20 ಬುಡಗಳನ್ನು ಬಗ್ಗಿಸಿ ನೋಡಿ. ಹುಳು ಎಣಿಸುವಾಗ ಪೊರೆಗಳನ್ನೂ ಎಣಿಸಿ, ಎರಡೂ ಲೆಕ್ಕ ಸಿಕ್ಕ ಮೇಲೆ ಅಂಗಡಿಗೆ ಹೋಗಿ.