ಡಬ್ಬದ ಮೇಲೆ 2,499 ಡಾಲರ್

ನ್ಯೂಜೆರ್ಸಿಯಲ್ಲಿ ಪೆಟ್ರೋಲ್ ಹಾಕಿಸಲು ಕಾರಿನಿಂದ ಇಳಿಯಬೇಕಾಗಿಲ್ಲ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ನಮ್ಮ ಪೆಟ್ರೋಲನ್ನು ನಾವೇ ಹಾಕಿಕೊಳ್ಳಬೇಕು. ಇಲ್ಲಿ ಅದಕ್ಕೆ ಕಾನೂನಿನ ಅಡ್ಡಿಯಿದೆ, ಬಂಕಿನ ಹುಡುಗನೇ ಬಂದು ಹಾಕಬೇಕು. 2004ರಲ್ಲಿ ಎಡಿಸನ್ನಿನ ಒಂದು ಬಂಕಿನಲ್ಲಿ ನಾನು ಕಾರಿನ ಗಾಜು ಇಳಿಸಿಕೊಂಡು ಕೂತಿದ್ದಾಗ ಪಕ್ಕದಲ್ಲಿ ಬಿಳಿ ವ್ಯಾನೊಂದು ಬಂದು ನಿಂತಿತು.

ಒಳಗೆ ಇಬ್ಬರು ಹುಡುಗರು. ಮೈಮೇಲೆ ಯಾವುದೋ ಕಂಪನಿಯ ಯೂನಿಫಾರ್ಮು, ಕೈಯಲ್ಲಿ ಡೆಲಿವರಿ ಚೀಟಿಗಳ ಕಟ್ಟು. "ಮನೇಲಿ ಹಾಡು ಗೀಡು ಕೇಳ್ತೀಯಾ ಗೆಳೆಯಾ?" ಅಂತ ಶುರುವಾಯಿತು. ನೈಟ್‌ಕ್ಲಬ್ ಒಂದಕ್ಕೆ ಸ್ಪೀಕರ್ ಇಳಿಸಿ ಬರುತ್ತಿದ್ದಾರಂತೆ. ಗೋಡೌನಿನವರು ಲೆಕ್ಕ ತಪ್ಪಿ ಒಂದು ಜೋಡಿ ಹೆಚ್ಚಿಗೆ ಹೇರಿದ್ದಾರಂತೆ. ಚೀಟಿಯಲ್ಲಿ ಅದು ಇಲ್ಲ, ಸಾಹೇಬರಿಗೆ ಗೊತ್ತಿಲ್ಲ, ಸಂಜೆಯೊಳಗೆ ವ್ಯಾನು ಖಾಲಿಯಾಗಬೇಕು. ವಾಪಸ್ ಒಯ್ದರೆ ಗೋಡೌನಿನವನಿಗೆ ಬೈಗುಳ, ಇಲ್ಲೇ ಕೊಟ್ಟುಬಿಟ್ಟರೆ ಇವರಿಗೆ ನಾಲ್ಕು ಕಾಸು, ನನಗೆ ಮಾಲು. ಮಿರಮಿರ ಮಿನುಗುವ ಬಣ್ಣದ ಕೆಟಲಾಗನ್ನು ಕಿಟಕಿಯೊಳಗೆ ಚಾಚಿದರು. ಹಿಂದಿನ ಬಾಗಿಲು ತೆಗೆದು ಡಬ್ಬ ತೋರಿಸಿದರು. ಮೇಲೆ ಅಚ್ಚಾಗಿತ್ತು, 2,499 ಡಾಲರ್. ಬ್ರಾಂಡಿನ ಹೆಸರು ಎಲ್ಲೋ ಕೇಳಿದ ಹಾಗಿತ್ತು. ಅಂಥ ಹೆಸರುಗಳನ್ನು ಇಡುವುದೇ ಎಲ್ಲೋ ಕೇಳಿದ ಹಾಗಿರಲಿ ಅಂತ.

"ಒಂಬೈನೂರು ಕೊಡು ಸಾಕು" ಅಂದರು. ನಾನು ನಕ್ಕೆ. ಅಲ್ಲಿಂದ ಚೌಕಾಸಿ. ಚಿಕ್ಕಪೇಟೆಯಲ್ಲಿ ಅಮ್ಮನ ಸೆರಗು ಹಿಡಿದು ನಿಂತು ಕಲಿತ ವಿದ್ಯೆ ಅದು, ಅಮೆರಿಕದ ಅಂಗಡಿಗಳಲ್ಲಿ ತುಕ್ಕು ಹಿಡಿದಿತ್ತು. ಬೇಡ ಅಂತ ಗಾಜು ಏರಿಸಿದೆ, ಅವರು ಇಳಿಸಲು ಹೇಳಿದರು. ಆರುನೂರಾಯಿತು, ನಾನೂರೈವತ್ತಾಯಿತು. ಕೊನೆಗೆ ಮುನ್ನೂರಕ್ಕೆ ಬಂದು ನಿಂತಾಗ ಗೆದ್ದವನು ನಾನೇ ಎಂಬ ಹಮ್ಮು ತಲೆಗೇರಿತ್ತು. ಜೇಬಿನಲ್ಲಿ ಅಷ್ಟು ನಗದು ಇಲ್ಲ ಅಂದರೆ, ಪಾಪ, ಎಟಿಎಂವರೆಗೆ ಹಿಂದೆಯೇ ಬಂದರು. ಡಬ್ಬಗಳನ್ನು ಎತ್ತಿ ನನ್ನ ಕಾರಿಗೆ ಅವರೇ ತುಂಬಿದರು. ಆಗ ಡಾಲರಿಗೆ ಸುಮಾರು 45 ರೂಪಾಯಿ. ಹದಿಮೂರೂವರೆ ಸಾವಿರ ಅಂದರೆ ಆ ಕಾಲಕ್ಕೆ ಊರಿನಲ್ಲಿ ಒಬ್ಬ ಗುಮಾಸ್ತರ ಸಂಬಳಕ್ಕಿಂತ ಕಡಿಮೆಯೇನಲ್ಲ.

ರೂಮ್‌ಮೇಟ್ ದಾವಣಗೆರೆ ಕಡೆಯವನು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ ಆಮೇಲೆ ಸಾಫ್ಟ್‌ವೇರಿಗೆ ಬಂದವನು. ಗ್ಯಾರೇಜ್ ಸೇಲಿನಲ್ಲಿ ತಂದಿದ್ದ ಹಳೆಯ ರಿಸೀವರಿಗೆ ವೈರು ಕೊಟ್ಟು ಹಾಡು ಹಾಕಿದ. ರಾಜ್‌ಕುಮಾರ್ ದನಿ ಬಕೆಟಿನೊಳಗಿಂದ ಬಂತು. ಅವನು ಏನೂ ಹೇಳದೆ ಹೋಗಿ ಸ್ಕ್ರೂಡ್ರೈವರ್ ತಂದ.

ಮುಂದಿನ ಬಟ್ಟೆಯ ಜಾಲರಿ ಕಿತ್ತರೆ ಮೂರು ಕೋನುಗಳು ಕಂಡವು. ದೊಡ್ಡದೊಂದು, ನಡುವೆ ಮಧ್ಯಮ ಗಾತ್ರದ್ದೊಂದು, ಮೇಲೆ ಪುಟ್ಟದೊಂದು. ಹಿಂದಿನ ಹಲಗೆ ಬಿಚ್ಚಿ ಒಳಗೆ ಟಾರ್ಚು ಬಿಟ್ಟ. ನಡುವಿನ ಕೋನಿಗೆ ವೈರೇ ಹೋಗಿರಲಿಲ್ಲ, ಅದು ಬರೀ ಪ್ಲಾಸ್ಟಿಕ್ ಬಳೆಗೆ ಅಂಟಿಸಿದ ಕಪ್ಪು ರಟ್ಟು. ದೊಡ್ಡ ಕೋನಿನ ಹಿಂದಿನ ಮ್ಯಾಗ್ನೆಟ್ಟು ನಿಪ್ಪಟ್ಟಿನಷ್ಟಿತ್ತು. ದಪ್ಪ ದನಿಯನ್ನೂ ಸಣ್ಣ ದನಿಯನ್ನೂ ಬೇರ್ಪಡಿಸಿ ಆಯಾ ಕೋನಿಗೆ ಕಳಿಸುವ ಕ್ರಾಸ್‌ಓವರ್ ಸರ್ಕ್ಯೂಟ್ ಇರಬೇಕಾದಲ್ಲಿ ಒಂದೇ ಒಂದು ಕೆಪ್ಯಾಸಿಟರ್ ಬೆಸುಗೆ ಹಾಕಿದ್ದರು. ತಳದಲ್ಲಿ ಅಂಟು ಹಾಕಿ ಕೂರಿಸಿದ್ದ ಸಿಮೆಂಟಿನ ತುಂಡೊಂದು ಸಿಕ್ಕಿತು.

"ಇದ್ಯಾಕೋ?" ಅಂದೆ.

"ತೂಕಕ್ಕೆ ಗುರು. ಎತ್ತಿದಾಗ ಭಾರ ಬರ್ಬೇಕಲ್ಲ, ಇಲ್ಲಾಂದ್ರೆ ನೀನು ತಗೋತಿದ್ಯಾ?"

ಒಳ್ಳೆಯ ಸ್ಪೀಕರ್ ಭಾರವಾಗಿರುತ್ತದೆ ಎಂಬುದು ತಕ್ಕಮಟ್ಟಿಗೆ ನಿಜ. ದೊಡ್ಡ ಮ್ಯಾಗ್ನೆಟ್ಟು, ದಪ್ಪ ಮರದ ಪೆಟ್ಟಿಗೆ ಎರಡೂ ತೂಗುತ್ತವೆ. ಗಿರಾಕಿಗೆ ಅರ್ಧ ಗೊತ್ತಿರುವ ವಿಷಯ ಯಾವುದೆಂದು ಇವರಿಗೆ ಚೆನ್ನಾಗಿ ಗೊತ್ತು.

ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ದಶಕಗಳಿಂದ ನಡೆಯುತ್ತಿರುವ ದಂಧೆ ಇದು. 'ವೈಟ್ ವ್ಯಾನ್ ಸ್ಪೀಕರ್' ಎಂಬ ಹೆಸರೇ ಬಿದ್ದುಬಿಟ್ಟಿದೆ. ನೈಟ್‌ಕ್ಲಬ್ಬಿನ ಜಾಗದಲ್ಲಿ ಹೊಸ ಹೋಟೆಲು ಬರಬಹುದು, ಸ್ಪೀಕರಿನ ಜಾಗದಲ್ಲಿ ಪ್ರೊಜೆಕ್ಟರ್ ಬರಬಹುದು, ಹೆಚ್ಚಿಗೆ ಹೇರಿದ ಜೋಡಿಯ ಕಥೆ ಮಾತ್ರ ಬದಲಾಗುವುದಿಲ್ಲ. ಗೋಡೌನಿನಲ್ಲಿ ಯಾರೂ ಲೆಕ್ಕ ತಪ್ಪಿರುವುದಿಲ್ಲ. ಈ ಡಬ್ಬಗಳು ತಯಾರಾಗುವುದೇ ಹೀಗೆ ಮಾರಲಿಕ್ಕೆ.

ನನ್ನ ಮುನ್ನೂರು ಡಾಲರ್ ಹೋದದ್ದು ಎಲ್ಲಿ ಅಂತ ಆಮೇಲೆ ಯೋಚಿಸಿದ್ದೇನೆ. ಸ್ಪೀಕರ್ ಬೇಕು ಅಂತ ಆ ದಿನ ಮನೆಯಿಂದ ಹೊರಟವನಲ್ಲ. ಅಂಗಡಿಗೆ ಹೋಗಿ ಮುನ್ನೂರು ಡಾಲರಿನ ಸ್ಪೀಕರ್ ನೋಡಿದ್ದರೆ ದುಬಾರಿ ಅಂತ ವಾಪಸ್ ಬರುತ್ತಿದ್ದೆ. ಅದೇ ದುಡ್ಡಿಗೆ ಅಲ್ಲಿ ಬಿಲ್ಲು, ವಾರಂಟಿ, ಇಷ್ಟವಾಗದಿದ್ದರೆ ವಾಪಸ್ ಕೊಡುವ ಅವಕಾಶ, ಎಲ್ಲದರ ಜೊತೆಗೆ ನೆಟ್ಟಗೆ ಹಾಡುವ ಜೋಡಿಯೊಂದು ಸಿಗುತ್ತಿತ್ತು. ವ್ಯಾನಿನ ಮುಂದೆ ನಾನು ಕೈಗೆ ತೆಗೆದುಕೊಂಡದ್ದು 2,199 ಡಾಲರ್ ಉಳಿತಾಯ. ಆ ಉಳಿತಾಯವನ್ನು ಹುಟ್ಟಿಸಿದ್ದು ಡಬ್ಬದ ಮೇಲಿನ ಅಂಕಿ, ಆ ಅಂಕಿಯನ್ನು ಅಚ್ಚು ಹಾಕಿಸಿದವನು ಮಾರುವವನೇ.

ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವರ್ಸ್ಕಿ ಎಂಬ ಇಬ್ಬರು ಮನೋವಿಜ್ಞಾನಿಗಳು 1974ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಒಂದು ಪ್ರಯೋಗದ ಮಾತು ಬರುತ್ತದೆ. ಜಾತ್ರೆಯಲ್ಲಿ ಇರುವಂಥ ಅಂಕಿಗಳ ಚಕ್ರವೊಂದನ್ನು ಜನರ ಮುಂದೆಯೇ ತಿರುಗಿಸಿ, ಆಮೇಲೆ ವಿಶ್ವಸಂಸ್ಥೆಯಲ್ಲಿ ಆಫ್ರಿಕದ ದೇಶಗಳು ಶೇಕಡಾ ಎಷ್ಟಿವೆ ಅಂತ ಕೇಳಿದರು. ಚಕ್ರ 10ಕ್ಕೆ ನಿಂತದ್ದನ್ನು ಕಂಡವರ ಅಂದಾಜು 25ರ ಆಸುಪಾಸು, 65ಕ್ಕೆ ನಿಂತದ್ದನ್ನು ಕಂಡವರದು 45. ಚಕ್ರಕ್ಕೂ ವಿಶ್ವಸಂಸ್ಥೆಗೂ ಏನು ನಂಟು? ಆದರೂ ಮೊದಲು ಕಣ್ಣಿಗೆ ಬಿದ್ದ ಅಂಕಿ ಮನಸ್ಸನ್ನು ತನ್ನ ಕಡೆ ಎಳೆದುಕೊಂಡುಬಿಡುತ್ತದೆ. ಕಾನೆಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ವ್ಯಾನಿನ ಹುಡುಗರು ಆ ಲೇಖನ ಓದಿರಲಿಕ್ಕಿಲ್ಲ, ಓದುವ ಅಗತ್ಯವೂ ಇರಲಿಲ್ಲ.

ನಮ್ಮವರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಡಬ್ಬದ ಮೇಲೆ ಅಚ್ಚಾದ ಬೆಲೆಯನ್ನು ನಂಬುವುದು ನಮ್ಮ ರಕ್ತದಲ್ಲೇ ಇದೆ, ಏಕೆಂದರೆ ನಮ್ಮಲ್ಲಿ ಎಂಆರ್‌ಪಿ ಇದೆ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ತೆಗೆದುಕೊಂಡರೂ ಅಂಗಡಿಯವನು ತಪ್ಪಿತಸ್ಥ. 2009ರ ಕಾನೂನುಬದ್ಧ ಮಾಪನಶಾಸ್ತ್ರ ಕಾಯ್ದೆ, 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳು ಇರುವುದೇ ಅದಕ್ಕೆ. ಅಮೆರಿಕದಲ್ಲಿ ಅಂಥದ್ದಿಲ್ಲ. ಅಲ್ಲಿ ತಯಾರಕರು ಸೂಚಿಸುವ ಬೆಲೆ ಬರೀ ಸೂಚನೆ. 2,499 ಎಂದು ಕಂಡಾಗ ನನ್ನ ತಲೆ ಅದನ್ನು ಬಿಸ್ಕತ್ ಪೊಟ್ಟಣದ ಬೆನ್ನಿನ ಬೆಲೆಯಂತೆಯೇ ಓದಿಕೊಂಡಿತು.

ಎಂಆರ್‌ಪಿಯ ಒಳಗುಟ್ಟನ್ನೂ ಹೇಳಿಬಿಡುತ್ತೇನೆ. ಅದಕ್ಕಿಂತ ಹೆಚ್ಚಿಗೆ ಮಾರಬಾರದು ಎಂದು ಕಾನೂನು ಹೇಳುತ್ತದೆ, ಸರಿ. ಆದರೆ ಎಂಆರ್‌ಪಿಯೇ ಎಷ್ಟಿರಬೇಕು? ಬೆಲೆ ನಿಯಂತ್ರಣಕ್ಕೆ ಒಳಪಟ್ಟ ಔಷಧಿಗಳಂಥ ಕೆಲವು ವಸ್ತುಗಳನ್ನು ಬಿಟ್ಟರೆ ಅದು ತಯಾರಕರಿಗೆ ಬಿಟ್ಟ ವಿಚಾರ. ಹೋಮ್ ಥಿಯೇಟರಿನ ಡಬ್ಬದ ಮೇಲೆ 24,990 ಎಂದು ಹಾಕಿ, ಗೆರೆ ಎಳೆದು, ಪಕ್ಕದಲ್ಲಿ ಕೆಂಪಕ್ಷರದಲ್ಲಿ 5,999 ಎಂದು ಬರೆದರೆ ಎಂಆರ್‌ಪಿ ನಿಯಮವನ್ನು ಯಾರೂ ಮೀರಿದ ಹಾಗಾಗಲಿಲ್ಲ. ಶೇಕಡಾ 76 ರಿಯಾಯಿತಿ ಎಂದರೆ ವಸ್ತು ಅಗ್ಗವಾಯಿತು ಎಂದೇನಲ್ಲ. ಮೊದಲ ಅಂಕಿಯನ್ನು ಕೈಯಿಂದ ಮುಚ್ಚಿ, ಎರಡನೆಯದು ಮಾತ್ರ ಕಂಡಿದ್ದರೆ ಕೊಳ್ಳುತ್ತಿದ್ದೆನಾ ಅಂತ ಕೇಳಿಕೊಳ್ಳುವುದು ನನ್ನ ಈಗಿನ ಅಭ್ಯಾಸ. ಹೆಚ್ಚಿನ ಸಲ ಉತ್ತರ ಇಲ್ಲ ಎಂದೇ ಬರುತ್ತದೆ. ಹೆಂಡತಿಗೆ ಈ ಅಭ್ಯಾಸದಿಂದ ಸೀರೆ ಅಂಗಡಿಯಲ್ಲಿ ಬಹಳ ಕಿರಿಕಿರಿ.

ಇನ್ನು ಪೊಲೀಸ್ ದೂರಿನ ವಿಚಾರ. ನಾನು ಕೊಡಲಿಲ್ಲ. ಏನಂತ ಕೊಡಲಿ? ಸ್ಪೀಕರ್ ಕೊಡುತ್ತೇವೆ ಅಂದರು, ಕೊಟ್ಟರು. ಬೆಲೆಯನ್ನು ಕೊನೆಗೆ ಒಪ್ಪಿಕೊಂಡವನು ನಾನೇ. ಅದಕ್ಕಿಂತ ಹೆಚ್ಚಾಗಿ, ಆ ಜೋಡಿ ಗೋಡೌನಿನ ಲೆಕ್ಕಕ್ಕೆ ಸಿಗದ ಮಾಲು ಅಂತ ತಿಳಿದೇ ಕೊಂಡಿದ್ದೆ. ಸರಿಯಾಗಿ ಹೇಳಬೇಕೆಂದರೆ ಕದ್ದ ಮಾಲು. ಭಾರತದಲ್ಲಾದರೆ ಕದ್ದದ್ದೆಂದು ಗೊತ್ತಿದ್ದೂ ಕೊಳ್ಳುವುದು ಐಪಿಸಿ 411ರ ಅಪರಾಧ, ಈಗ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 317. ಠಾಣೆಗೆ ಹೋದರೆ ಮೊದಲು ನನ್ನ ಆಸೆಯ ಕಥೆಯನ್ನೇ ಹೇಳಬೇಕಾಗುತ್ತಿತ್ತು. ಈ ದಂಧೆಯ ಜಾಣತನ ಇರುವುದು ಸಿಮೆಂಟಿನ ತುಂಡಿಗಿಂತ ಹೆಚ್ಚಾಗಿ ಇಲ್ಲಿ.

ರೂಮ್‌ಮೇಟ್ ಅದನ್ನು ತಕ್ಷಣ ಗುರುತಿಸಿದ. "ನಮ್ ಕಡೆ ಇದನ್ನೇ ಚಿನ್ನದ ನಾಣ್ಯದಲ್ಲಿ ಮಾಡ್ತಾರೆ" ಅಂದ. ದಾವಣಗೆರೆ, ಶಿವಮೊಗ್ಗ ಕಡೆಯ ಪೊಲೀಸರಿಗೆ ಆ ಕಥೆ ಬಾಯಿಪಾಠ. ಮನೆ ಪಾಯ ತೆಗೆಯುವಾಗ ಹಳೇ ಕಾಲದ ಚಿನ್ನದ ನಾಣ್ಯಗಳ ಗಡಿಗೆ ಸಿಕ್ಕಿದೆ, ಅಂಗಡಿಗೆ ಒಯ್ದರೆ ಸರ್ಕಾರಕ್ಕೆ ಗೊತ್ತಾಗುತ್ತದೆ, ನಿಮಗೆ ಅರ್ಧ ರೇಟಿಗೆ ಕೊಡುತ್ತೇವೆ ಅಂತ ಎಲ್ಲೋ ಇರುವವರಿಗೆ ಫೋನು ಹೋಗುತ್ತದೆ. ಪರೀಕ್ಷೆಗೆಂದು ಕೊಡುವ ಒಂದೆರಡು ನಾಣ್ಯ ಅಪ್ಪಟ ಚಿನ್ನ. ಲಕ್ಷಗಟ್ಟಲೆ ಕೊಟ್ಟು ತರುವ ಗಂಟು ಹಿತ್ತಾಳೆ. ಗಿರಾಕಿಗೆ ಬಾಯಿ ಬಿಡಲು ಆಗದು, ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ಮುಚ್ಚಿಟ್ಟು ಕೊಳ್ಳಲು ಹೊರಟವನು ಅವನೇ ಅಲ್ಲವೇ? ಕಸ್ಟಮ್ಸ್‌ನಲ್ಲಿ ಹಿಡಿದ ಮೊಬೈಲು, ಮಿಲಿಟರಿ ಕ್ಯಾಂಟೀನಿನಿಂದ ಹೊರಬಿದ್ದ ಮಾಲು, ಇವೆಲ್ಲ ಅದೇ ವಂಶದ ಕುಡಿಗಳು. ಯಾರದೋ ನಷ್ಟ ನಮ್ಮ ಲಾಭ ಎಂದು ನಮ್ಮ ಕೈಯಲ್ಲೇ ಒಪ್ಪಿಸಿಬಿಟ್ಟರೆ ಆಮೇಲೆ ನಮ್ಮ ಬಾಯಿಗೆ ಬೇರೆ ಬೀಗ ಬೇಡ.

ಅಮೆರಿಕದಲ್ಲಿ ಕಾನೂನು ಇರಲಿಲ್ಲವೇ ಅಂದರೆ ಇತ್ತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1970ರ ದಶಕದಲ್ಲೇ ಒಂದು ನಿಯಮ ತಂದಿದೆ. ಮನೆ ಬಾಗಿಲಲ್ಲಿ, ಇಲ್ಲವೇ ಮಾರುವವನ ಖಾಯಂ ಅಂಗಡಿಯಲ್ಲದ ಜಾಗದಲ್ಲಿ ಮಾಡಿದ ಖರೀದಿಯನ್ನು ಮೂರು ಕೆಲಸದ ದಿನಗಳೊಳಗೆ ರದ್ದು ಮಾಡಬಹುದು, ರದ್ದತಿಯ ಅರ್ಜಿಯನ್ನು ಮಾರುವವನೇ ಕೊಡಬೇಕು. ಆದರೆ ಅರ್ಜಿ ಕಳಿಸಲು ವಿಳಾಸ ಬೇಕಲ್ಲ. ಡಬ್ಬದ ಮೇಲಿದ್ದ ನಂಬರಿಗೆ ಫೋನು ಮಾಡಿದರೆ ಆ ನಂಬರ್ ಚಾಲ್ತಿಯಲ್ಲಿಲ್ಲ ಎಂದು ಹೆಣ್ಣುದನಿಯೊಂದು ಹೇಳಿತು.

ಆ ವರ್ಷದ ದೀಪಾವಳಿಗೆ ಕನ್ನಡ ಕೂಟದ ಹಿರಿಯರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆವು. ಬೇಸ್‌ಮೆಂಟಿನಲ್ಲಿ ಅಂಥದ್ದೇ ಜೋಡಿ ನಿಂತಿತ್ತು. "ಎರಡು ಸಾವಿರದ್ದು ಕಣಯ್ಯ, ಐನೂರಕ್ಕೆ ಹೊಡೆದೆ" ಅಂತ ಅಭಿಮಾನದಿಂದ ತೋರಿಸಿದರು. ರೂಮ್‌ಮೇಟ್ ನನ್ನ ಮುಖ ನೋಡಿದ. ನಾವಿಬ್ಬರೂ ಚೆನ್ನಾಗಿದೆ ಸಾರ್ ಅಂದೆವು. ಹಬ್ಬದ ದಿನ, ಅವರ ಮನೆ ಹೋಳಿಗೆ ತಿಂದಿದ್ದೆವು.

ವ್ಯಾನು ನಮ್ಮ ಊರಿಗೆ ಬರದಿದ್ದರೂ ಸ್ಪೀಕರಿನ ಸುಳ್ಳು ಬಂದಿದೆ, ವಾಟಿನ ರೂಪದಲ್ಲಿ. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಲ್ಲೋ ಆನ್‌ಲೈನಿನಲ್ಲೋ '5,000 ವಾಟ್ ಪಿಎಂಪಿಒ' ಎಂಬ ಡಬ್ಬ ಕಂಡರೆ ಹಿಂದೆ ತಿರುಗಿಸಿ ಅಡಾಪ್ಟರಿನ ಮೇಲಿನ ಸಣ್ಣಕ್ಷರ ಓದಿ. 12 ವೋಲ್ಟ್, 2 ಆಂಪಿಯರ್ ಅಂತಿದ್ದರೆ ಗುಣಿಸಿ ನೋಡಿ, 24 ವಾಟ್. ಅಡಾಪ್ಟರಿನಿಂದ 24 ವಾಟ್ ತೆಗೆದುಕೊಳ್ಳುವ ಯಂತ್ರ ಒಂದೇ ಸಮನೆ 5,000 ವಾಟ್ ಹೊರಗೆ ಕೊಡಲಾರದು. ಪಿಎಂಪಿಒ ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ, ಬರೆದವನ ಧೈರ್ಯದಷ್ಟು ಅದರ ಗಾತ್ರ. ಕೇಳಬೇಕಾದದ್ದು ಆರ್‌ಎಂಎಸ್ ವಾಟ್, ಅಂದರೆ ಒಂದೇ ಸಮನೆ ಕೊಡಬಲ್ಲ ಶಕ್ತಿ. ಅದೂ ಬಹಳ ಬೇಕಾಗಿಲ್ಲ. ಸಾಧಾರಣ ಒಳ್ಳೆಯ ಸ್ಪೀಕರ್ ಒಂದೇ ವಾಟಿಗೆ ಒಂದು ಮೀಟರ್ ದೂರದಲ್ಲಿ 85ರಿಂದ 90 ಡೆಸಿಬೆಲ್ ಸದ್ದು ಮಾಡುತ್ತದೆ. ಹತ್ತು ಪಟ್ಟು ವಾಟ್ ಕೊಟ್ಟರೆ ಕಿವಿಗೆ ಕೇಳಿಸುವುದು ಸುಮಾರು ಎರಡು ಪಟ್ಟು ಜೋರು, ಅಷ್ಟೇ. ಎರಡು ಬೆಡ್‌ರೂಮಿನ ಫ್ಲಾಟಿಗೆ ಸಾವಿರ ವಾಟ್ ಯಾಕೆ, ಪಕ್ಕದ ಮನೆಯವರ ಜೊತೆ ಜಗಳಕ್ಕಾ?

'ಇನ್ನು 9 ನಿಮಿಷ ಮಾತ್ರ', 'ಎರಡೇ ಉಳಿದಿವೆ' ಎಂದು ಮೊಬೈಲು ತೋರಿಸುವುದು ಕೂಡ ಸಂಜೆಯೊಳಗೆ ವ್ಯಾನು ಖಾಲಿಯಾಗಬೇಕು ಎಂಬ ಆ ಹುಡುಗರ ಮಾತೇ. ಅವಸರ ಇರುವುದು ಎಷ್ಟೋ ಸಲ ಸುಳ್ಳೇ. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಆನ್‌ಲೈನ್ ಮಾರಾಟದ ಇಂಥ 13 ಕಪಟಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಆ ಪಟ್ಟಿಯಲ್ಲಿ ಸುಳ್ಳು ಅವಸರವೇ ಮೊದಲನೆಯದು.

ಈಗಾಗಲೇ ಮೋಸ ಹೋಗಿದ್ದರೆ ನಾಚಿಕೆ ಬದಿಗಿಟ್ಟು 1915ಕ್ಕೆ ಫೋನು ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಬಿಲ್ಲನ್ನು ಕೈಯಲ್ಲಿ ಹಿಡಿದುಕೊಂಡೇ ಮಾಡಿ, ನಿಮ್ಮ ದೂರು ನಿಲ್ಲುವುದು ಅದರ ಮೇಲೆ. ಬಿಲ್ಲು ಕೊಡದವನಿಂದ ಏನನ್ನೂ ಕೊಳ್ಳಬೇಡಿ, ಅವನು ಎಷ್ಟೇ ಇಳಿಸಲಿ.